ಅಡಿಕೆ ಒಂದನೇ ಗುಂಪಿಗೆ ಸೇರಿದ ಕಥೆ

ಅಡಿಕೆ ದರ ಬಿದ್ದಾಗ ನಮ್ಮ ಹಿರಿಯರು 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಆದರೆ ಅಡಿಕೆಗೆ ಇನ್ನೊಂದು ಪೆಟ್ಟು ಬಿದ್ದದ್ದು ಫ್ರಾನ್ಸಿನ ಲಿಯೋನ್‌ನಿಂದ ಮಾರಾಯ್ರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇರುವುದು ಅಲ್ಲಿ.

1985ರ ಅವರ ವರದಿ ತಂಬಾಕು ಹಾಕಿದ ಎಲೆಯಡಿಕೆ ಕ್ಯಾನ್ಸರ್ ತರುತ್ತದೆ ಅಂದಿತ್ತು. ತಂಬಾಕು ಇಲ್ಲದ್ದಕ್ಕೆ ಪುರಾವೆ ಸಾಲದು ಅಂತಲೂ ಬರೆದಿದ್ದರು. "ದೋಷ ಹೊಗೆಸೊಪ್ಪಿನದ್ದು, ಅಡಿಕೆಯದ್ದಲ್ಲ" ಅಂತ ನಾವು ಇವತ್ತಿಗೂ ಹೇಳುವುದು ಅದನ್ನೇ. ಆದರೆ ತೈವಾನಿನವರು ಅಡಿಕೆಗೆ ತಂಬಾಕು ಸೇರಿಸುವುದಿಲ್ಲ, ಬಾಯಿ ಕ್ಯಾನ್ಸರ್ ಅಲ್ಲೂ ಜಾಸ್ತಿ. ಅಲ್ಲಿನ ಅಧ್ಯಯನಗಳನ್ನೂ ನೋಡಿ 2003ರಲ್ಲಿ ತೀರ್ಪು ಬದಲಾಯಿಸಿದರು. 2004ರ ಪುಸ್ತಕದಲ್ಲಿ ಬರೀ ಅಡಿಕೆಯೂ ಒಂದನೇ ಗುಂಪು, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಅಂತ.

ಪೇಪರಿನಲ್ಲಿ ಒಂದು ಮಾತು ಬಿಟ್ಟುಹೋಗುತ್ತದೆ. ಈ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಅಂತ, ಎಷ್ಟು ತಿಂದರೆ ಎಷ್ಟು ಅಪಾಯ ಅಂತ ಅಲ್ಲ. ಸಿಗರೇಟು, ಶರಾಬು ಮಾತ್ರ ಅಲ್ಲ, ನಾವು ತೋಟಕ್ಕೆ ಹೋಗುವ ಬಿಸಿಲೂ ಅದೇ ಗುಂಪಿನಲ್ಲಿ ಉಂಟು! ನಿಷೇಧಿಸುವ ಅಧಿಕಾರವೂ ಆ ಸಂಸ್ಥೆಗಿಲ್ಲ, ಅದು ಸರ್ಕಾರದ ಕೈಯಲ್ಲಿ.

ನಾವು ವಾದ ಮಾಡುವುದಾದರೆ ಇದನ್ನು ಹಿಡಿದು ಮಾಡಬೇಕು. ತಂಬಾಕಿನ ಹಳೇ ಮಾತು ಹಿಡಿದು ದಿಲ್ಲಿಗೆ ಹೋದರೆ ಎದುರಿನವರು ತೈವಾನಿನ ಲೆಕ್ಕ ತೆಗೆದು ಮೇಜಿನ ಮೇಲೆ ಇಡುತ್ತಾರೆ.