ಹಾಂಕಿ-ಟಾಂಕ್: ಹಳ್ಳಿ ಬಿಟ್ಟವರ ಹಾಡುಗಳು, ಹಾಡುಗಾರರು

ಅಮೆರಿಕದ ದಕ್ಷಿಣ ರಾಜ್ಯಗಳ ಗ್ರಾಮೀಣ ಜನರಲ್ಲಿ ಹುಟ್ಟಿ ಬೆಳೆದ ಗಾಯನ ಪರಂಪರೆಗೆ ‘ಕಂಟ್ರಿ’ ಸಂಗೀತವೆಂದು ಹೆಸರು. ಅದರ ಹಲವು ಕವಲುಗಳಲ್ಲಿ ‘ಹಾಂಕಿ-ಟಾಂಕ್’ ಪ್ರಮುಖವಾದುದು. 1930ರ ದಶಕದಲ್ಲಿ ಟೆಕ್ಸಾಸ್ ಮತ್ತು ಓಕ್ಲಹೋಮ ರಾಜ್ಯಗಳ ರಸ್ತೆಬದಿಯ ಮದ್ಯದಂಗಡಿಗಳಲ್ಲಿ ರೂಪುಗೊಂಡ ಈ ಶೈಲಿ, 1940ರ ದಶಕದ ಆರಂಭದಿಂದ 1950ರ ದಶಕದ ಮಧ್ಯಭಾಗದವರೆಗೆ ಕಂಟ್ರಿ ಸಂಗೀತದ ಪ್ರಧಾನ ಧ್ವನಿಯಾಗಿತ್ತು. ಇದು ಕುಡುಕರ ಹಾಡೆಂದು ಮೂಗು ಮುರಿದವರು ಆ ನಾಡಿನಲ್ಲಿಯೂ ಇದ್ದರು. ಆದರೆ ಈ ಹಾಡುಗಳಲ್ಲಿ ಮದ್ಯದ ಹೊಗಳಿಕೆಗಿಂತ ಮನೆಯ ಚಿಂತೆಯೇ ಹೆಚ್ಚು. ಹೊಲಮನೆಗಳನ್ನು ತೊರೆದು ಕೂಲಿಯನ್ನು ಅರಸಿ ಹೊರಟ ಜನರ ಸಂಸಾರಗಳು ಹೇಗೆ ಒಡೆದವು, ಅದಕ್ಕೆ ಯಾರು ಹೊಣೆ ಎಂಬ ಪ್ರಶ್ನೆಯನ್ನು ಅವು ಮತ್ತೆ ಮತ್ತೆ ಎತ್ತಿದವು. ಊರು ಬಿಟ್ಟು ಪರಸ್ಥಳ ಸೇರಿದ ಯಾವ ಮನೆತನಕ್ಕೂ ಈ ಚಿಂತೆ ತೀರ ಅಪರಿಚಿತವಲ್ಲ.

ಹಿನ್ನೆಲೆ

‘ಹಾಂಕಿ-ಟಾಂಕ್’ ಎಂಬುದು ಮೂಲತಃ ಸ್ಥಳವಾಚಕ. ಕುಡಿತ, ಕುಣಿತ, ಹಾಡು ಮೂರೂ ನಡೆಯುವ ಅಗ್ಗದ ಮದ್ಯದಂಗಡಿಗೆ 19ನೆಯ ಶತಮಾನದ ಕೊನೆಯ ಭಾಗದಿಂದಲೂ ಈ ಹೆಸರಿತ್ತು. ಅದು ಸಂಗೀತ ಶೈಲಿಯೊಂದರ ಹೆಸರಾಗಲು ಎರಡು ಘಟನೆಗಳು ಕಾರಣವಾದವು. 1930ರಲ್ಲಿ ಪೂರ್ವ ಟೆಕ್ಸಾಸಿನಲ್ಲಿ ಬೃಹತ್ ತೈಲ ನಿಕ್ಷೇಪ ಪತ್ತೆಯಾಯಿತು. ಆರ್ಥಿಕ ಮುಗ್ಗಟ್ಟಿನಿಂದ ಕಂಗೆಟ್ಟಿದ್ದ ರೈತಾಪಿ ಯುವಕರು ಕೆಲಸಕ್ಕಾಗಿ ಅಲ್ಲಿಗೆ ಧಾವಿಸಿದರು. 1933ರ ಡಿಸೆಂಬರಿನಲ್ಲಿ ದೇಶದ ಪಾನನಿಷೇಧ ಕಾಯಿದೆ ರದ್ದಾಯಿತು. ಆದರೂ ಎಷ್ಟೋ ಜಿಲ್ಲೆಗಳು ತಮ್ಮ ಮಟ್ಟಿಗೆ ನಿಷೇಧವನ್ನು ಉಳಿಸಿಕೊಂಡುದರಿಂದ, ಅವುಗಳ ಗಡಿಯಾಚೆಯ ಹೆದ್ದಾರಿಗಳ ಬದಿಯಲ್ಲಿ ಮದ್ಯದಂಗಡಿಗಳು ಸಾಲುಗಟ್ಟಿದವು. ಕೈಯಲ್ಲಿ ವಾರದ ಕೂಲಿ, ಮನದಲ್ಲಿ ಊರಿನ ನೆನಪು ಹೊತ್ತವರು ಸಂಜೆ ಅಲ್ಲಿ ಸೇರುತ್ತಿದ್ದರು.

ಅದುವರೆಗಿನ ಕಂಟ್ರಿ ಹಾಡುಗಳಲ್ಲಿ ತಾಯಿ, ಹುಟ್ಟೂರು, ಚರ್ಚು, ಬೆಟ್ಟ, ರೈಲುಬಂಡಿಗಳ ಪ್ರಸ್ತಾಪ ಹೆಚ್ಚಾಗಿತ್ತು. ಹೊಸ ಕೇಳುಗರ ಅನುಭವ ಬೇರೆಯಾಗಿತ್ತು. ದಾಂಪತ್ಯದ ಬಿರುಕು, ವಿಚ್ಛೇದನ, ವಂಚನೆ, ಒಂಟಿತನ, ಕುಡಿತದ ಚಟ ಇವು ಹಾಡಿನ ವಸ್ತುಗಳಾದವು. 1936ರಲ್ಲಿ ಆಲ್ ಡೆಕ್ಸ್ಟರ್ ಎಂಬ ಟೆಕ್ಸಾಸ್ ಗಾಯಕರು ‘ಹಾಂಕಿ ಟಾಂಕ್ ಬ್ಲೂಸ್’ ಎಂಬ ಹಾಡನ್ನು ಧ್ವನಿಮುದ್ರಿಸಿದರು. ಈ ಪದವು ಕಂಟ್ರಿ ಹಾಡಿನ ಶೀರ್ಷಿಕೆಗೆ ಏರಿದ್ದು ಆಗ. ಮಾತು ಸರಳ, ವಾಕ್ಯ ಚಿಕ್ಕದು, ಉಪಮೆ ದಿನಬಳಕೆಯದು. ಎದುರಿಗೆ ಕುಳಿತವನೊಡನೆ ಸಂಕಟ ಹೇಳಿಕೊಳ್ಳುವ ಧಾಟಿಯೇ ಈ ಸಾಹಿತ್ಯದ ಲಕ್ಷಣ.

ಗದ್ದಲದ ನಡುವೆ ಹುಟ್ಟಿದ ವಾದ್ಯವಿನ್ಯಾಸ

ಈ ಅಂಗಡಿಗಳಲ್ಲಿ ಮೇಳಗಳ ಜೊತೆಗೆ ಜೂಕ್‌ಬಾಕ್ಸ್ ಎಂಬ ಯಂತ್ರವೂ ಹಾಡುತ್ತಿತ್ತು. ಐದು ಸೆಂಟಿನ ನಾಣ್ಯ ಹಾಕಿದರೆ ಬೇಕಾದ ಹಾಡಿನ ತಟ್ಟೆ ತಿರುಗುತ್ತಿತ್ತು. ಆದರೆ ಮಾತು, ನಗೆ, ಕುಣಿತದ ಸದ್ದಿನಲ್ಲಿ ಹಿಂದಿನ ಕಾಲದ ಮೆಲುದನಿಯ ಗಿಟಾರ್ ಕೇಳಿಸುತ್ತಿರಲಿಲ್ಲ. ಆದುದರಿಂದ ವಿದ್ಯುತ್ ಗಿಟಾರ್ ಬಂದಿತು. ಡ್ರಮ್ ವಾದ್ಯಕ್ಕೆ ಆ ದಿನಗಳ ಕಂಟ್ರಿ ವೇದಿಕೆಗಳಲ್ಲಿ ಹೆಚ್ಚಿನ ಮನ್ನಣೆ ಇಲ್ಲದ ಕಾರಣ, ತಂತಿಗಳನ್ನು ಬಡಿದು ಕೂಡಲೇ ಬೆರಳಿನಿಂದ ಅದುಮಿ ಹಿಡಿಯುವ ಗಿಟಾರ್ ಪಟ್ಟೊಂದು ಲಯವನ್ನು ಕಾಯುತ್ತಿತ್ತು.

ಸ್ಟೀಲ್ ಗಿಟಾರ್ ಈ ಶೈಲಿಯ ಪ್ರಾಣವೆನ್ನಬಹುದು. ಅಡ್ಡಲಾಗಿ ಇರಿಸಿದ ವಾದ್ಯದ ತಂತಿಗಳ ಮೇಲೆ ಉಕ್ಕಿನ ತುಂಡನ್ನು ಸರಿಸಿದಾಗ ಸ್ವರದಿಂದ ಸ್ವರಕ್ಕೆ ಜಾರುವ, ಬಿಕ್ಕಳಿಕೆಯನ್ನು ಹೋಲುವ ನಾದ ಹೊಮ್ಮುತ್ತದೆ. 1954ರಲ್ಲಿ ವೆಬ್ ಪಿಯರ್ಸ್ ಅವರ ‘ಸ್ಲೋಲಿ’ ಹಾಡಿನಲ್ಲಿ ಬಡ್ ಐಸಾಕ್ಸ್ ಎಂಬ ವಾದಕರು ಕಾಲಿನಿಂದ ಪೆಡಲ್ ಒತ್ತಿ, ಕೆಲವು ತಂತಿಗಳ ಶ್ರುತಿಯನ್ನು ಮಾತ್ರ ಏರಿಸುತ್ತ, ಉಳಿದವು ನಿಂತಲ್ಲೇ ಮಿಡಿಯುವಂತೆ ನುಡಿಸಿದರು. ಅಂದಿನಿಂದ ಪೆಡಲ್ ಸ್ಟೀಲ್ ಗಿಟಾರ್ ಕಂಟ್ರಿ ಸಂಗೀತದ ಗುರುತೇ ಆಯಿತು.

ಅರ್ನೆಸ್ಟ್ ಟಬ್ (1914–1984)

ಟೆಕ್ಸಾಸಿನಲ್ಲಿ ಜನಿಸಿದ ಟಬ್, ಕಂಟ್ರಿ ಗಾಯನದ ಆದ್ಯರಲ್ಲೊಬ್ಬರಾದ ಜಿಮ್ಮಿ ರಾಜರ್ಸ್ ಅವರನ್ನು ಅನುಕರಿಸುತ್ತ ಹಾಡಲು ಕಲಿತವರು. 1939ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ಕಂಠ ಬದಲಾಗಿ, ಗುರುವಿನ ಶೈಲಿಯ ಏರುದನಿ ಅಸಾಧ್ಯವಾಯಿತು. ಉಳಿದ ತಗ್ಗುದನಿಯಲ್ಲೇ ಅವರು ತಮ್ಮ ದಾರಿಯನ್ನು ಕಂಡುಕೊಂಡರು. 1941ರಲ್ಲಿ ಮುದ್ರಿತವಾದ ‘ವಾಕಿಂಗ್ ದ ಫ್ಲೋರ್ ಓವರ್ ಯೂ’ ನಿದ್ದೆಯಿಲ್ಲದೆ ಕೋಣೆಯಲ್ಲಿ ಅಡ್ಡಾಡುವ ಪರಿತ್ಯಕ್ತನೊಬ್ಬನ ಹಾಡು. ಜೂಕ್‌ಬಾಕ್ಸಿನಲ್ಲಿ ಎದ್ದು ಕೇಳುವಂತೆ ಅದರಲ್ಲಿ ವಿದ್ಯುತ್ ಗಿಟಾರ್ ಬಳಸಲಾಯಿತು. 1943ರಲ್ಲಿ ಟಬ್ ನ್ಯಾಶ್‌ವಿಲ್ ನಗರದ ಪ್ರಸಿದ್ಧ ಬಾನುಲಿ ಕಾರ್ಯಕ್ರಮ ‘ಗ್ರ್ಯಾಂಡ್ ಓಲ್ ಆಪ್ರಿ’ಯನ್ನು ಸೇರಿದರು. ಮದ್ಯದಂಗಡಿಯ ಶೈಲಿಗೆ ಸಭ್ಯ ವೇದಿಕೆಯಲ್ಲಿ ಸ್ಥಾನ ದೊರಕಿಸಿಕೊಟ್ಟವರಲ್ಲಿ ಅವರು ಮೊದಲಿಗರು. 1947ರಲ್ಲಿ ಅವರು ಅದೇ ನಗರದಲ್ಲಿ ತೆರೆದ ಧ್ವನಿಮುದ್ರಿಕೆಗಳ ಅಂಗಡಿಯೂ ಅಭಿಮಾನಿಗಳ ಯಾತ್ರಾಸ್ಥಳವಾಯಿತು.

ಹ್ಯಾಂಕ್ ವಿಲಿಯಮ್ಸ್ (1923–1953)

ಈ ಪರಂಪರೆಯ ಶ್ರೇಷ್ಠ ವಾಗ್ಗೇಯಕಾರರೆಂದು ಸರ್ವಮಾನ್ಯರಾದವರು ಹ್ಯಾಂಕ್ ವಿಲಿಯಮ್ಸ್. ಅಲಬಾಮಾ ರಾಜ್ಯದಲ್ಲಿ ಜನಿಸಿದ ಇವರ ಬಾಲ್ಯದಲ್ಲೇ ತಂದೆ ದೀರ್ಘಕಾಲ ಆಸ್ಪತ್ರೆ ಸೇರಿದರು. ತಾಯಿ ವಸತಿಗೃಹ ನಡೆಸಿ ಮಕ್ಕಳನ್ನು ಸಾಕಿದರು. ಬಾಲಕ ಹ್ಯಾಂಕ್‌ಗೆ ಗಿಟಾರ್ ಮತ್ತು ಬ್ಲೂಸ್ ಗಾಯನದ ಪಾಠ ಹೇಳಿದವರು ರೂಫಸ್ ಪೇನ್ ಎಂಬ ಆಫ್ರಿಕನ್-ಅಮೆರಿಕನ್ ಬೀದಿ ಗಾಯಕರು. ವರ್ಣಭೇದ ಕಾನೂನಾಗಿದ್ದ ನಾಡಿನಲ್ಲಿ ನಡೆದ ಈ ಗುರುಶಿಷ್ಯ ಸಂಬಂಧವನ್ನು ಮರೆಯಲಾಗದು.

1949ರಲ್ಲಿ ‘ಲವ್‌ಸಿಕ್ ಬ್ಲೂಸ್’ ಹಾಡಿನಿಂದ ಅವರು ದೇಶದಾದ್ಯಂತ ಹೆಸರಾದರು. ಅದೇ ವರ್ಷದ ಜೂನ್ 11ರಂದು ಆಪ್ರಿ ವೇದಿಕೆಯನ್ನೇರಿದರು. ‘ಐ ಆ್ಯಮ್ ಸೋ ಲೋನ್ಸಮ್ ಐ ಕುಡ್ ಕ್ರೈ’ (1949) ಹಾಡಿನಲ್ಲಿ ರಾತ್ರಿಯ ಹಕ್ಕಿಯ ಕೂಗು, ದೂರದ ರೈಲಿನ ಸಿಳ್ಳು ಮೊದಲಾದ ಕೆಲವೇ ಚಿತ್ರಗಳಿಂದ ಒಂಟಿತನವನ್ನು ಕಟ್ಟಿಕೊಟ್ಟ ರೀತಿಗೆ ಕವಿಗಳೂ ತಲೆದೂಗಿದ್ದಾರೆ. ಹುಟ್ಟಿನಿಂದಲೇ ಬಂದ ಬೆನ್ನುಹುರಿಯ ದೋಷ, ಅದರ ನೋವು, ಕುಡಿತ, ಕುಸಿದ ದಾಂಪತ್ಯ ಇವು ಅವರನ್ನು ಒಳಗಿನಿಂದ ತಿಂದವು. 1952ರ ಆಗಸ್ಟಿನಲ್ಲಿ ಆಪ್ರಿ ಅವರನ್ನು ಕೈಬಿಟ್ಟಿತು. ಮರುತಿಂಗಳು ‘ಯುವರ್ ಚೀಟಿನ್ ಹಾರ್ಟ್’ ಮುದ್ರಣವಾಯಿತು. 1953ರ ಜನವರಿ 1ರಂದು, ಒಹಾಯೊ ರಾಜ್ಯದ ಕಾರ್ಯಕ್ರಮಕ್ಕೆಂದು ಹೋಗುತ್ತಿದ್ದ ಕಾರಿನ ಹಿಂದಿನ ಆಸನದಲ್ಲಿ ಅವರು ನಿಧನರಾದರು. ಆಗ ಅವರಿಗೆ 29 ವರ್ಷ. ‘ಯುವರ್ ಚೀಟಿನ್ ಹಾರ್ಟ್’ ಅಗ್ರಸ್ಥಾನಕ್ಕೇರಿದ್ದು ಆ ಬಳಿಕ. 1961ರಲ್ಲಿ ಕಂಟ್ರಿ ಸಂಗೀತದ ಗೌರವ ಪೀಠಕ್ಕೆ ಆಯ್ಕೆಯಾದ ಮೊದಲ ಮೂವರಲ್ಲಿ ಅವರೊಬ್ಬರು. 2010ರಲ್ಲಿ ಅವರಿಗೆ ಮರಣೋತ್ತರವಾಗಿ ಪುಲಿಟ್ಜರ್ ವಿಶೇಷ ಗೌರವ ಸಂದಿತು.

ಲೆಫ್ಟಿ ಫ್ರಿಜೆಲ್ (1928–1975)

ಹ್ಯಾಂಕ್ ಅವರಿಗೆ ಸರಿಸಮನಾಗಿ ನಿಂತ ಗಾಯಕರೆಂದರೆ ಟೆಕ್ಸಾಸಿನ ಲೆಫ್ಟಿ ಫ್ರಿಜೆಲ್. 1951ರಲ್ಲಿ ಅವರ ನಾಲ್ಕು ಹಾಡುಗಳು ಏಕಕಾಲದಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯ ಮೊದಲ ಹತ್ತರಲ್ಲಿದ್ದವು. ಒಂದು ಅಕ್ಷರವನ್ನು ಎಳೆದು, ಬಾಗಿಸಿ, ಹಲವು ಸ್ವರಗಳಲ್ಲಿ ಹಾಯಿಸಿ ಇಳಿಸುವುದು ಅವರ ವೈಶಿಷ್ಟ್ಯ. ಮೆರ್ಲ್ ಹ್ಯಾಗರ್ಡ್, ಜಾರ್ಜ್ ಜೋನ್ಸ್, ವಿಲ್ಲಿ ನೆಲ್ಸನ್ ಮೊದಲಾದ ಮುಂದಿನ ಪೀಳಿಗೆಯವರೆಲ್ಲ ಈ ಎಳೆತವನ್ನು ಅವರಿಂದ ಕಲಿತರು.

ಕಿಟಿ ವೆಲ್ಸ್ (1919–2012) ಮತ್ತು ಉತ್ತರದ ಹಾಡು

1952ರವರೆಗೆ ಈ ಹಾಡುಗಳಲ್ಲಿ ದೂರು ಹೇಳುವವನು ಬಹುಮಟ್ಟಿಗೆ ಗಂಡಸು. ಆ ವರ್ಷ ಹ್ಯಾಂಕ್ ಥಾಂಪ್ಸನ್ ಅವರ ‘ದ ವೈಲ್ಡ್ ಸೈಡ್ ಆಫ್ ಲೈಫ್’ 15 ವಾರಗಳ ಕಾಲ ಅಗ್ರಸ್ಥಾನದಲ್ಲಿತ್ತು. ಮನೆ ತೊರೆದು ಮದ್ಯದಂಗಡಿಯ ಬೆಳಕಿಗೆ ಮರುಳಾದ ಹೆಣ್ಣನ್ನು ದೂಷಿಸುವ ಹಾಡು ಅದು. ಅಂಥವರನ್ನು ದೇವರೇ ಸೃಷ್ಟಿಸಿದನೆಂಬ ಧ್ವನಿ ಅದರಲ್ಲಿತ್ತು. ಇದಕ್ಕೆ ಉತ್ತರವಾಗಿ ಜೆ. ಡಿ. ಮಿಲ್ಲರ್ ‘ಇಟ್ ವಾಸಂಟ್ ಗಾಡ್ ಹೂ ಮೇಡ್ ಹಾಂಕಿ ಟಾಂಕ್ ಏಂಜಲ್ಸ್’ ರಚಿಸಿದರು. ತಪ್ಪು ದೇವರದಲ್ಲ, ಮದುವೆಯಾಗಿಯೂ ಅವಿವಾಹಿತರಂತೆ ಅಲೆಯುವ ಗಂಡಸರದೆಂಬುದು ಅದರ ಸಾರ.

ಅದನ್ನು ಹಾಡಿದ ಕಿಟಿ ವೆಲ್ಸ್ ಆಗ ಮೂರು ಮಕ್ಕಳ ತಾಯಿ, ಗಾಯನವನ್ನೇ ಬಿಡುವ ಯೋಚನೆಯಲ್ಲಿದ್ದ ಗೃಹಿಣಿ. 125 ಡಾಲರುಗಳ ಸಂಭಾವನೆಗಾಗಿ ಒಪ್ಪಿ, 1952ರ ಮೇ 3ರಂದು ನ್ಯಾಶ್‌ವಿಲ್ಲಿನಲ್ಲಿ ಹಾಡಿದರು. ಎನ್‌ಬಿಸಿ ಬಾನುಲಿ ಜಾಲ ಅದನ್ನು ತಡೆಹಿಡಿಯಿತು. ಆಪ್ರಿಯಲ್ಲಿಯೂ ಮೊದಲು ಅಡ್ಡಿ ಎದುರಾಯಿತು. ಹಾಗಿದ್ದೂ ಹಾಡು ಅಗ್ರಸ್ಥಾನಕ್ಕೇರಿತು. ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಲ್ಲಿ ಗಾಯಕಿಯೊಬ್ಬರು ಏಕವ್ಯಕ್ತಿಯಾಗಿ ಆ ಸ್ಥಾನ ಪಡೆದುದು ಅದೇ ಮೊದಲು.

ಗಮನಿಸಬೇಕಾದುದೆಂದರೆ, ದೂರಿನ ಹಾಡು, ಉತ್ತರದ ಹಾಡು ಎರಡರ ಮಟ್ಟೂ ಒಂದೇ. ಅದೇ ಮಟ್ಟಿನಲ್ಲಿ 1929ರಲ್ಲಿ ಕಾರ್ಟರ್ ಕುಟುಂಬದವರು ವಿರಹಗೀತೆಯೊಂದನ್ನೂ 1936ರಲ್ಲಿ ರಾಯ್ ಏಕಫ್ ಭಕ್ತಿಗೀತೆಯೊಂದನ್ನೂ ಹಾಡಿದ್ದರು. ಚರ್ಚಿನಲ್ಲಿ ಕೇಳಿದ ಮಟ್ಟೇ ಮದ್ಯದಂಗಡಿಯಲ್ಲಿ ಆರೋಪವಾಗಿ, ಮನೆಯೊಳಗಿನಿಂದ ಪ್ರತ್ಯುತ್ತರವಾಗಿ ಕೇಳಿಬಂದಿತು. ಲೊರೆಟ್ಟಾ ಲಿನ್ (1932–2022) 1960ರಲ್ಲಿ ‘ಐ ಆ್ಯಮ್ ಎ ಹಾಂಕಿ ಟಾಂಕ್ ಗರ್ಲ್’ ಹಾಡಿ ಇದೇ ಹಾದಿಯಲ್ಲಿ ಮುಂದೆ ನಡೆದರು. ಕುಡಿದು ಮನೆಗೆ ಬರುವ ಗಂಡನನ್ನು ನೇರವಾಗಿ ಗದರುವ ಅವರ ಹಾಡು 1967ರಲ್ಲಿ ಅಗ್ರಸ್ಥಾನ ಪಡೆಯಿತು.

ರೇ ಪ್ರೈಸ್, ಜಾರ್ಜ್ ಜೋನ್ಸ್

1956ರ ಹೊತ್ತಿಗೆ ರಾಕ್ ಅಂಡ್ ರೋಲ್ ಅಬ್ಬರಕ್ಕೆ ಕಂಟ್ರಿ ಗಾಯಕರು ತತ್ತರಿಸಿದ್ದರು. ಆ ವರ್ಷವೇ ರೇ ಪ್ರೈಸ್ (1926–2013) ಅವರ ‘ಕ್ರೇಜಿ ಆರ್ಮ್ಸ್’ 20 ವಾರ ಅಗ್ರಸ್ಥಾನದಲ್ಲಿ ನಿಂತಿತು. ನಾಲ್ಕೂ ಮಾತ್ರೆಗಳ ಮೇಲೆ ಹೆಜ್ಜೆಯಿಡುತ್ತ ಸಾಗುವ ಅದರ ತೂಗುನಡೆ ಕುಣಿತಕ್ಕೆ ಹೇಳಿ ಮಾಡಿಸಿದಂತಿದ್ದು, ‘ರೇ ಪ್ರೈಸ್ ಲಯ’ವೆಂದೇ ಹೆಸರಾಯಿತು. ಕುಡಿತದ ದೆಸೆಯಿಂದ ಹೆಂಡತಿ ಮನೆ ಬಿಟ್ಟು ಹೋದಾಗ ಸ್ಟೀಲ್ ವಾದಕ ರಾಲ್ಫ್ ಮೂನಿ ಕಟ್ಟಿದ ಹಾಡದು.

ಜಾರ್ಜ್ ಜೋನ್ಸ್ (1931–2013) ಟೆಕ್ಸಾಸಿನವರು. 1955ರ ‘ವೈ ಬೇಬಿ ವೈ’ಯಿಂದ ಆರಂಭಿಸಿ, 1980ರ ‘ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ’ವರೆಗೆ ಅವರ ಕಂಠ ಮಾಗುತ್ತ ಬಂದಿತು. ಪ್ರೀತಿಸುವುದನ್ನು ಸಾಯುವವರೆಗೂ ಬಿಡೆನೆಂದವನು ಕೊನೆಗೆ ಸತ್ತು ಮಾತು ಉಳಿಸಿಕೊಂಡ ಕಥೆ ಅದು. ಸ್ವತಃ ಜೋನ್ಸ್ ದಶಕಗಳ ಕಾಲ ಕುಡಿತದಿಂದ ನರಳಿದರು. 1999ರ ಕಾರು ಅಪಘಾತದ ನಂತರ ಅದನ್ನು ತೊರೆದರು.

ಬೇಕರ್ಸ್‌ಫೀಲ್ಡ್ ಕವಲು

1950ರ ದಶಕದ ಕೊನೆಗೆ ನ್ಯಾಶ್‌ವಿಲ್ಲಿನ ನಿರ್ಮಾಪಕರು ಪಿಟೀಲು, ಸ್ಟೀಲ್ ಗಿಟಾರ್‌ಗಳನ್ನು ಬದಿಗಿಟ್ಟು, ವಾದ್ಯವೃಂದ ಮತ್ತು ಮೇಳಗಾಯನವಿರುವ ನಯವಾದ ಶೈಲಿಯನ್ನು ರೂಢಿಸಿದರು. ಹಾಂಕಿ-ಟಾಂಕ್ ಆಗ ಕ್ಯಾಲಿಫೋರ್ನಿಯದ ಬೇಕರ್ಸ್‌ಫೀಲ್ಡ್ ಊರಿನಲ್ಲಿ ಉಸಿರಾಡಿತು. 1930ರ ದಶಕದ ಧೂಳುಗಾಳಿ, ಬರಗಳಿಂದ ಓಕ್ಲಹೋಮ, ಟೆಕ್ಸಾಸ್ ಬಿಟ್ಟು ಬಂದವರು ಅಲ್ಲಿ ನೆಲೆಸಿದ್ದರು. ಬಕ್ ಓವೆನ್ಸ್ (1929–2006) ಅವರ ‘ಆ್ಯಕ್ಟ್ ನ್ಯಾಚುರಲಿ’ (1963) ಹಾಡನ್ನು 1965ರಲ್ಲಿ ಬೀಟಲ್ಸ್ ತಂಡವೂ ಹಾಡಿತು. ಮೆರ್ಲ್ ಹ್ಯಾಗರ್ಡ್ (1937–2016) ಓಕ್ಲಹೋಮದಿಂದ ಬಂದ ದಂಪತಿಗಳ ಮಗ. ಹಳೆಯ ರೈಲುಡಬ್ಬಿಯನ್ನೇ ಮನೆ ಮಾಡಿಕೊಂಡ ಸಂಸಾರ ಅದು. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು, ಹಾದಿ ತಪ್ಪಿ, ಸ್ಯಾನ್ ಕ್ವೆಂಟಿನ್ ಸೆರೆಮನೆ ಕಂಡು, 1960ರಲ್ಲಿ ಹೊರಬಂದ ಅವರು ಮುಂದೆ ದುಡಿಯುವ ಜನರ ಕವಿಯೆನಿಸಿದರು. ‘ಸ್ವಿಂಗಿಂಗ್ ಡೋರ್ಸ್’ (1966) ಹಾಡಿನಲ್ಲಿ ಮನೆ ಕಳೆದುಕೊಂಡವನು ಮದ್ಯದಂಗಡಿಯನ್ನೇ ಹೊಸ ಮನೆಯೆಂದು ವರ್ಣಿಸುತ್ತಾನೆ. ನಗೆಯಂತೆ ತೊಡಗಿ ಅಳುವಿನಂತೆ ಮುಗಿಯುವ ಹಾಡದು.

ಮೊದಲು ಕೇಳಬೇಕಾದ ಹಾಡುಗಳು

ಆಸಕ್ತರು ಈ ಅನುಕ್ರಮದಲ್ಲಿ ಕೇಳಿದರೆ ಶೈಲಿಯ ಬೆಳವಣಿಗೆ ಸ್ಪಷ್ಟವಾಗುತ್ತದೆ.

1. ‘ವಾಕಿಂಗ್ ದ ಫ್ಲೋರ್ ಓವರ್ ಯೂ’ – ಅರ್ನೆಸ್ಟ್ ಟಬ್ (1941)
2. ‘ಐ ಆ್ಯಮ್ ಸೋ ಲೋನ್ಸಮ್ ಐ ಕುಡ್ ಕ್ರೈ’ – ಹ್ಯಾಂಕ್ ವಿಲಿಯಮ್ಸ್ (1949)
3. ‘ಐ ಲವ್ ಯೂ ಎ ಥೌಸಂಡ್ ವೇಸ್’ – ಲೆಫ್ಟಿ ಫ್ರಿಜೆಲ್ (1950)
4. ‘ದ ವೈಲ್ಡ್ ಸೈಡ್ ಆಫ್ ಲೈಫ್’ – ಹ್ಯಾಂಕ್ ಥಾಂಪ್ಸನ್ (1952). ಅದರ ಬೆನ್ನಿಗೇ ಕಿಟಿ ವೆಲ್ಸ್ ಅವರ ಉತ್ತರ
5. ‘ಸ್ಲೋಲಿ’ – ವೆಬ್ ಪಿಯರ್ಸ್ (1954)
6. ‘ಕ್ರೇಜಿ ಆರ್ಮ್ಸ್’ – ರೇ ಪ್ರೈಸ್ (1956)
7. ‘ಸ್ವಿಂಗಿಂಗ್ ಡೋರ್ಸ್’ – ಮೆರ್ಲ್ ಹ್ಯಾಗರ್ಡ್ (1966)
8. ‘ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ’ – ಜಾರ್ಜ್ ಜೋನ್ಸ್ (1980)

ಇವುಗಳಲ್ಲಿ ಹೆಚ್ಚಿನವು ಮೂರು ನಿಮಿಷದ ಆಸುಪಾಸಿನ ಹಾಡುಗಳು. ಆ ಕಿರು ಅವಧಿಯಲ್ಲಿ ಒಂದು ಸಂಸಾರದ ಕಥೆ ಹೇಳಿ ಮುಗಿಸಬೇಕಾದ ಕಟ್ಟು ಅವಕ್ಕಿತ್ತು. ನಾಲ್ಕನೆಯ ಜೋಡಿಯನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಕೇಳುವುದು ಒಳಿತು. ಆರೋಪ ಮತ್ತು ಉತ್ತರ ಎರಡನ್ನೂ ಕೇಳಿದ ಮೇಲೆಯೇ ತೀರ್ಪು ಕೊಡಬೇಕಷ್ಟೆ.