5.51 ಸೆಕೆಂಡಿನ ದಾಖಲೆ: ಟೂಲ್ ಅಸಿಸ್ಟೆಡ್ ಸ್ಪೀಡ್‌ರನ್ನಿನ ಸಾಕ್ಷ್ಯಮೌಲ್ಯ

ವಿಡಿಯೊ ಗೇಮುಗಳ ಇತಿಹಾಸ ಬರೆದ ಹಲವರು ಟೂಲ್ ಅಸಿಸ್ಟೆಡ್ ಸ್ಪೀಡ್‌ರನ್ನಿನ, ಎಂದರೆ ತಂತ್ರಾಂಶ ಉಪಕರಣಗಳ ನೆರವಿನಿಂದ ಆಟವನ್ನು ಆದಷ್ಟು ಬೇಗ ಮುಗಿಸುವ ಪದ್ಧತಿಯ, ವಿಷಯದಲ್ಲಿ ಒಂದು ತಪ್ಪನ್ನು ಪರಂಪರೆಯಂತೆ ಮುಂದುವರಿಸಿಕೊಂಡು ಬಂದಿದ್ದಾರೆ. 2003ರಲ್ಲಿ ಜಪಾನಿನ ಮೊರಿಮೊಟೊ ಎಂಬ ಆಟಗಾರ ‘ಸೂಪರ್ ಮಾರಿಯೊ ಬ್ರದರ್ಸ್ 3’ ಆಟವನ್ನು ಸುಮಾರು 11 ನಿಮಿಷಗಳಲ್ಲಿ ಮುಗಿಸಿದ ವಿಡಿಯೊ ಜಗತ್ತಿನಾದ್ಯಂತ ಹರಡಿದಾಗ, ಅದನ್ನು ಬರಿಗೈಯ ಚಳಕವೆಂದು ನಂಬಿದ್ದವರು ನಿಜಸಂಗತಿ ತಿಳಿದ ಮೇಲೆ ಮೋಸವೆಂದು ಹರಿಹಾಯ್ದರು. ಆ ಗದ್ದಲವನ್ನೇ ಈ ಪದ್ಧತಿಯ ಹುಟ್ಟೆಂದೂ ಮೋಸವೇ ಇದರ ಸ್ವಭಾವವೆಂದೂ ಬರೆದವರು ವಿಡಿಯೊವನ್ನು ನೋಡಿದರೇ ಹೊರತು ಅದರ ಹಿಂದಿದ್ದ ಕಡತವನ್ನು ಕೇಳಲಿಲ್ಲ.

ಹುಟ್ಟಿನ ಪ್ರಶ್ನೆಯನ್ನು ಬೇಗ ಬಗೆಹರಿಸಬಹುದು. ಐಡಿ ಸಾಫ್ಟ್‌ವೇರ್ ಸಂಸ್ಥೆ 1997ರ ಡಿಸೆಂಬರಿನಲ್ಲಿ ‘ಡೂಮ್’ ಆಟದ ಮೂಲಸಂಕೇತವನ್ನು ಬಿಡುಗಡೆ ಮಾಡಿತು. 1999ರ ಆರಂಭದಲ್ಲಿ ಆ್ಯಂಡಿ ಕೆಂಪ್ಲಿಂಗ್ ಅದನ್ನು ಮಾರ್ಪಡಿಸಿ, ಆಟವನ್ನು ನಿಧಾನಗತಿಯಲ್ಲಿ, ಹಲವು ಕಂತುಗಳಲ್ಲಿ ದಾಖಲಿಸಲು ಅನುವು ಮಾಡಿಕೊಟ್ಟರು. ಅದೇ ವರ್ಷದ ಜೂನಿನಲ್ಲಿ ಅಂಥ ದಾಖಲೆಗಳಿಗೆಂದೇ ಒಂದು ಸಂಗ್ರಹವೂ ತೆರೆಯಿತು. ಡೂಮಿನ ಈ ದಾಖಲೆಗಳು ಚಿತ್ರಗಳಲ್ಲ. ಆಟ ಸೆಕೆಂಡಿಗೆ 35 ಬಾರಿ ಆಟಗಾರನ ಆಜ್ಞೆ ಕೇಳುತ್ತದೆ. ಪ್ರತಿ ಬಾರಿಗೂ ಕಡತದಲ್ಲಿ 4 ಬೈಟುಗಳು ಸೇರುತ್ತವೆ: ಮುಂದಕ್ಕೋ ಹಿಂದಕ್ಕೋ, ಪಕ್ಕಕ್ಕೋ, ಎತ್ತ ತಿರುಗಿದ್ದು, ಯಾವ ಗುಂಡಿ ಒತ್ತಿದ್ದು. ಆಟದೊಳಗಿನ ‘ಅದೃಷ್ಟ’ವೂ 256 ಸಂಖ್ಯೆಗಳ ಒಂದು ಸ್ಥಿರ ಪಟ್ಟಿಯಿಂದಲೇ ಬರುವುದರಿಂದ, ಕಡತವನ್ನು ಮತ್ತೆ ಆಟಕ್ಕೆ ಉಣಿಸಿದರೆ ಅದೇ ಆಟ ಚಾಚೂ ತಪ್ಪದೆ ಮರುಕಳಿಸುತ್ತದೆ. ಈ ಪದ್ಧತಿಯ ಮೂಲದ್ರವ್ಯ ಈ ಆಜ್ಞಾವಳಿಯೇ. ಎಮ್ಯುಲೇಟರ್, ಎಂದರೆ ಹಳೆಯ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ, ಆಟವನ್ನು ಒಂದೊಂದೇ ಫ್ರೇಮಿನಂತೆ ನಡೆಸಲು, ತಪ್ಪಿದಲ್ಲಿ ಹಿಂದಿರುಗಿ ತಿದ್ದಲು ಅವಕಾಶ ಕೊಟ್ಟಾಗ ಹಿಗ್ಗಿದ್ದು ಈ ಆಜ್ಞಾವಳಿಯನ್ನು ಕಟ್ಟುವ ಕೌಶಲವೇ.

ಚಿತ್ರಕ್ಕೂ ಆಜ್ಞಾವಳಿಗೂ ಇರುವ ಈ ಭೇದದ ಮಹತ್ವ ಮನವರಿಕೆಯಾಗುವುದು ‘ಡ್ರ್ಯಾಗ್‌ಸ್ಟರ್’ ಪ್ರಕರಣದಲ್ಲಿ. ಡೇವಿಡ್ ಕ್ರೇನ್ ರೂಪಿಸಿ ಆ್ಯಕ್ಟಿವಿಷನ್ 1980ರಲ್ಲಿ ಹೊರತಂದ, ಅಟಾರಿ 2600 ಯಂತ್ರದ ಈ ಪುಟ್ಟ ಆಟದ ಇಡೀ ಪ್ರೋಗ್ರಾಂ ಕೇವಲ 2 ಕಿಲೊಬೈಟ್. ಎಂಜಿನ್ ಸ್ಫೋಟಿಸದಂತೆ ವೇಗವರ್ಧಕ ಒತ್ತುತ್ತ, ಹೊತ್ತರಿತು ಗೇರ್ ಬದಲಿಸುತ್ತ ಗೆರೆ ಮುಟ್ಟುವುದಷ್ಟೇ ಆಟ. 6 ಸೆಕೆಂಡಿನೊಳಗೆ ಮುಗಿಸಿ ಟಿವಿ ಪರದೆಯ ಫೋಟೊ ಕಳಿಸಿದವರಿಗೆ ಕಂಪನಿ ಬಟ್ಟೆಯ ಬಿಲ್ಲೆಯೊಂದನ್ನು ಕೊಡುತ್ತಿತ್ತು. 1982ರಲ್ಲಿ ಟಾಡ್ ರಾಜರ್ಸ್ ಎಂಬ ಆಟಗಾರ ಸಾಧಿಸಿದರೆನ್ನಲಾದ 5.51 ಸೆಕೆಂಡು ಕಂಪನಿಯ ಸುದ್ದಿಪತ್ರದಲ್ಲಿ ಅಚ್ಚಾಯಿತು. ಆಟಗಳ ದಾಖಲೆಗಳನ್ನಿಡುವ ಟ್ವಿನ್ ಗ್ಯಾಲಕ್ಸೀಸ್ ಮುಂದೆ ಅದನ್ನು ಮಾನ್ಯಮಾಡಿತು, ಗಿನ್ನೆಸ್ ಪುಸ್ತಕವೂ ಬಹುಕಾಲ ಉಳಿದ ದಾಖಲೆಯೆಂದು ಅದನ್ನು ಗೌರವಿಸಿತು. ಒಂದು ಉಲ್ಲೇಖ ಇನ್ನೊಂದಕ್ಕೆ ಆಧಾರವಾಗಿ, ಅಚ್ಚಾದದ್ದೇ ಪುರಾವೆಯಾಗಿ ನಿಂತಿತು.

2017ರಲ್ಲಿ ಎರಿಕ್ ಕೋಝಿಯೆಲ್ ಎಂಬವರು ಈ ದಾಖಲೆಯನ್ನು ಪರೀಕ್ಷಿಸಲು, ಟೂಲ್ ಅಸಿಸ್ಟೆಡ್ ಆಟ ಕಟ್ಟುವವರಂತೆ, ಪ್ರೋಗ್ರಾಮನ್ನೇ ಬಿಡಿಸಿ ಓದಿದರು. ಸೆಕೆಂಡಿಗೆ ಸುಮಾರು 60 ಫ್ರೇಮುಗಳಿದ್ದರೂ ಆಟದ ಗಡಿಯಾರ ಎರಡು ಫ್ರೇಮಿಗೊಮ್ಮೆ ಮಾತ್ರ ಮುಂದೆ ಸರಿಯುತ್ತದೆ. ಆದ್ದರಿಂದ ಪರದೆಯ ಮೇಲೆ 5.57, 5.54, 5.51 ಎಂಬ ಮೆಟ್ಟಿಲುಗಳೇ ಸಾಧ್ಯ, ನಡುವಿನ 5.55ಕ್ಕೆ ಎಡೆಯಿಲ್ಲ. ವೇಗ, ಗೇರ್, ಎಂಜಿನ್ನಿನ ಸುತ್ತು, ಕ್ರಮಿಸಿದ ದೂರ ಇವು ಹೆಜ್ಜೆಹೆಜ್ಜೆಗೆ ಹೇಗೆ ಬದಲಾಗುತ್ತವೆಂದು ಲೆಕ್ಕಕ್ಕಿಳಿಸಿದ ಅವರಿಗೆ ದೊರೆತ ಕನಿಷ್ಠ ಕಾಲ 5.57. ಹೀಗೆ ವಿವಾದವಿದ್ದದ್ದು ಎರಡೇ ಮೆಟ್ಟಿಲುಗಳ ಬಗ್ಗೆ, ಎಂದರೆ ನಾಲ್ಕು ಫ್ರೇಮುಗಳ ಬಗ್ಗೆ. ಎರಡನೇ ಗೇರಿನಲ್ಲೇ ಹೊರಟದ್ದು 5.51ರ ಗುಟ್ಟೆಂಬ ರಾಜರ್ಸ್ ಅವರ ವಿವರಣೆಗೂ ಈ ಲೆಕ್ಕದಲ್ಲಿ ಆಸರೆ ಸಿಗಲಿಲ್ಲ. 2018ರ ಜನವರಿ 29ರಂದು ಟ್ವಿನ್ ಗ್ಯಾಲಕ್ಸೀಸ್ ರಾಜರ್ಸ್ ಅವರ ದಾಖಲೆಗಳನ್ನೆಲ್ಲ ತೆಗೆದುಹಾಕಿತು. ಗಿನ್ನೆಸ್ ಅದೇ ಹಾದಿ ಹಿಡಿಯಿತು.

ಇಲ್ಲಿ ಎರಡು ಪಕ್ಷದವರೂ ಎಡವಿದ್ದನ್ನು ಬಿಚ್ಚಿಹೇಳಬೇಕಾಗಿದೆ. ಹಳೆಯ ದಾಖಲೆಯ ಪರ ನಿಂತವರು, ಮನುಷ್ಯನ ಸಾಧನೆಯನ್ನು ಉಪಕರಣದಿಂದ ಅಳೆಯಬಾರದೆಂದರು. ಈ ವಾದದಲ್ಲಿ ಹುರುಳಿಲ್ಲ. ಮನುಷ್ಯನ ಬೆರಳೂ ಉಪಕರಣದ ಕಡತವೂ ಅದೇ ಪ್ರೋಗ್ರಾಮಿಗೆ ಅದೇ ಬಗೆಯ ಆಜ್ಞೆಗಳನ್ನು ಕೊಡುತ್ತವೆ, ಪ್ರೋಗ್ರಾಂ ಒತ್ತಿದವರ ಗುರುತು ಕೇಳುವುದಿಲ್ಲ. ಎದುರುಪಕ್ಷದ ಕೆಲವರೋ, ಉಪಕರಣಕ್ಕೇ ಆಗದ್ದು ಮನುಷ್ಯನಿಗೆ ಹೇಗಾದೀತೆಂದು ಕೇಳಿ ಕೈತೊಳೆದುಕೊಂಡರು. ಇದು ಇನ್ನೂ ಅಪಾಯದ ತರ್ಕ. ಉಪಕರಣದ ನೆರವಿನಿಂದ ಆಡಿದ ಒಂದು ಆಟ ಇಷ್ಟು ಕಾಲದಲ್ಲಿ ಮುಗಿಸಬಹುದೆಂದು ಸಾಬೀತುಮಾಡುತ್ತದೆ. ಅದಕ್ಕಿಂತ ಬೇಗ ಸಾಧ್ಯವಿಲ್ಲವೆಂದು ತಾನಾಗಿ ಎಂದೂ ಹೇಳಲಾರದು. ಮೊರಿಮೊಟೊ ಕಾಲವನ್ನೇ ಅನಂತರದವರು ಅದೇ ಉಪಕರಣಗಳಿಂದ ಮತ್ತೆ ಮತ್ತೆ ಮುರಿದದ್ದು ಇದಕ್ಕೆ ಸಾಕ್ಷಿ. ಅಸಾಧ್ಯವೆನ್ನಲು ಎಲ್ಲ ದಾರಿಗಳನ್ನೂ ಎಣಿಸಿ ನೋಡಬೇಕು. ಕೋಝಿಯೆಲ್ ಅವರ ತೀರ್ಮಾನ ಗಟ್ಟಿಯಾದದ್ದು ಡ್ರ್ಯಾಗ್‌ಸ್ಟರ್ ಅಷ್ಟು ಚಿಕ್ಕದಾಗಿದ್ದರಿಂದ, ಅದರ ಸ್ಥಿತಿಗಳು ಎಣಿಕೆಗೆ ಸಿಗುವಷ್ಟಿದ್ದುದರಿಂದ; ಅನಂತರದ ಕಂಪ್ಯೂಟರ್ ಶೋಧವೂ 5.57ರಲ್ಲೇ ಬಂದು ನಿಂತಿತು. ಮಾರಿಯೊ 3ರಂಥ ದೊಡ್ಡ ಆಟಕ್ಕೆ ಇದೇ ಮಾತನ್ನು ಹಾಗೆಯೇ ಹಚ್ಚುವುದು ಅವಸರವಾದೀತು.

ಶಾಸನಶಾಸ್ತ್ರ ಬಲ್ಲವರಿಗೆ ಈ ಎಚ್ಚರ ಹೊಸದಲ್ಲ. ವಯನಾಡಿನ ಎಡಕಲ್ಲು ಗುಹೆಯ ಬಂಡೆಗೊರೆತಗಳ ಬಗ್ಗೆ ಫಾಸೆಟ್ 1901ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಲೇಖನವನ್ನು ಎಷ್ಟೇ ಗೌರವಿಸಿದರೂ, ಅಲ್ಲಿಯ ಬರಹಗಳ ಓದಿನಲ್ಲಿ ಸಂಶಯ ಬಂದಾಗ ವಿದ್ವಾಂಸರು ಅಂಬುಕುತ್ತಿ ಬೆಟ್ಟ ಹತ್ತಿ ಬಂಡೆಯನ್ನೇ ನೋಡುತ್ತಾರೆ. ಆಟದ ಇತಿಹಾಸಕಾರನಿಗೆ ಪ್ರೋಗ್ರಾಮೇ ಬಂಡೆ. ಸುದ್ದಿಪತ್ರ, ಫೋಟೊ, ವಿಡಿಯೊ ಇವೆಲ್ಲ ಅದರ ಪ್ರತಿಗಳು.

ಈ ನಿಲುವು ಒಂದೇ ಪ್ರಕರಣಕ್ಕೆ ಸೀಮಿತವಲ್ಲ. ‘ಡಯಾಬ್ಲೊ’ ಆಟವನ್ನು 3 ನಿಮಿಷ 12 ಸೆಕೆಂಡಿನಲ್ಲಿ ಮುಗಿಸಿದ 2009ರ ದಾಖಲೆಯನ್ನು ಇತ್ತೀಚೆಗೆ ಪರೀಕ್ಷಿಸಿದವರೂ ಟೂಲ್ ಅಸಿಸ್ಟೆಡ್ ಸ್ಪೀಡ್‌ರನ್ ಕಟ್ಟಹೊರಟವರೇ. ಆ ಆಟ ತನ್ನ ನೆಲಮಾಳಿಗೆಗಳನ್ನು ಒಂದು ಬೀಜಸಂಖ್ಯೆಯಿಂದ, ಎಂದರೆ ಆಟದ ಆರಂಭದಲ್ಲಿ ನಿಗದಿಯಾಗುವ ಒಂದು ಅಂಕಿಯಿಂದ, ಸೃಷ್ಟಿಸುತ್ತದೆ. ವಿಡಿಯೊದಲ್ಲಿ ಕಂಡ ನೆಲಮಾಳಿಗೆಗಳು ಒಂದೇ ಆಟದಲ್ಲಿ ಹುಟ್ಟಲಾರವೆಂದು ಅವರು ತೋರಿಸಿದರು. ಮೋಸದ ಪದ್ಧತಿಯೆಂದು ಹೆಸರು ಕೆಟ್ಟಿದ್ದ ವಿದ್ಯೆ ಎರಡು ಕಡೆಯೂ ಪರೀಕ್ಷಕನ ಕೆಲಸ ಮಾಡಿತು.

ಇದರಿಂದ ಮನುಷ್ಯನ ಆಟದ ಘನತೆ ಕುಗ್ಗಿತೆಂಬ ಆಕ್ಷೇಪಕ್ಕೆ ಡ್ರ್ಯಾಗ್‌ಸ್ಟರೇ ಉತ್ತರ ಕೊಡುತ್ತದೆ. ಬರಿಗೈಯಲ್ಲಿ 5.57 ಸಾಧಿಸಿದವರು ಒಬ್ಬಿಬ್ಬರಲ್ಲ. 5.51 ಪಟ್ಟಿಯ ನೆತ್ತಿಯಲ್ಲಿದ್ದಷ್ಟು ಕಾಲ ಆ ಅಂಕಿ ಎರಡು ಮೆಟ್ಟಿಲು ಹಿಂದೆ ಬಿದ್ದ ಆಟವಾಗಿ ಕಾಣುತ್ತಿತ್ತು. ಆ ಪ್ರೋಗ್ರಾಮಿನಲ್ಲಿ ಯಾರಿಗಾದರೂ ಸಾಧ್ಯವಾಗುವ ಅತ್ಯುತ್ತಮ ಆಟ ಅದೇ ಎಂಬುದನ್ನು ಅವರಿಗೆ ತಿಳಿಸಿಕೊಟ್ಟದ್ದು ಉಪಕರಣದ ಲೆಕ್ಕ.