ಉಣ್ಣೆ ಜ್ವರದ ನೇತ್ರರೋಗ (ನಾಯಿಗಳಲ್ಲಿ)

ಉಣ್ಣೆ ಕಡಿತದಿಂದ ಹರಡುವ ರೋಗಾಣುಗಳು ನಾಯಿಯ ಕಣ್ಣಿಗೆ ಉಂಟುಮಾಡುವ ಉರಿಯೂತ, ರಕ್ತಸ್ರಾವ ಮತ್ತು ದೃಷ್ಟಿನಾಶ. ಮುಖ್ಯ ಕಾರಣ ಎರ್ಲಿಕಿಯಾ ಕ್ಯಾನಿಸ್ ಎಂಬ ಬ್ಯಾಕ್ಟೀರಿಯ. ಇದನ್ನು 1935ರಲ್ಲಿ ಅಲ್ಜೀರಿಯದಲ್ಲಿ ಮೊದಲು ಗುರುತಿಸಲಾಯಿತು.

ಹರಡುವಿಕೆ: ವಾಹಕವಾದ ಕಂದು ನಾಯಿ ಉಣ್ಣೆ ಬೆಚ್ಚನೆಯ ಪ್ರದೇಶಗಳಲ್ಲೆಲ್ಲ ಇದೆ, ಕರ್ನಾಟಕದಲ್ಲೂ ಸಾಮಾನ್ಯ. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯಂಥ ಊರುಗಳಲ್ಲಿ ಮನೆ, ತೋಟ ಕಾಯುವ ನಾಯಿಗಳು ಹೊರಗೇ ತಿರುಗಾಡುವುದರಿಂದ ಉಣ್ಣೆ ಹತ್ತುವ ಸಂಭವ ಹೆಚ್ಚು. ಉಣ್ಣೆ ಗೋಡೆಬಿರುಕು, ನಾಯಿ ಮಲಗುವ ಜಾಗಗಳಲ್ಲಿ ಅಡಗಿ ಮೊಟ್ಟೆಯಿಡುತ್ತದೆ.

ಲಕ್ಷಣಗಳು: ಕಡಿತದ 8–20 ದಿನಗಳ ನಂತರ ಜ್ವರ, ಮಂಕು, ಆಹಾರ ಬಿಡುವುದು ಕಾಣಬಹುದು. ರಕ್ತನಾಳಗಳು ಊದಿಕೊಂಡು, ಪ್ಲೇಟ್‌ಲೆಟ್ ಇಳಿದಾಗ ಕಣ್ಣು ಕೆಂಪಾಗುತ್ತದೆ, ಕರಿಗುಡ್ಡೆ ನೀಲಿ ಮಬ್ಬಾಗುತ್ತದೆ, ಒಳಗೆ ರಕ್ತ ನಿಲ್ಲುತ್ತದೆ. ಅಕ್ಷಿಪಟಲ ಕಳಚಿದರೆ ಅಥವಾ ಕಣ್ಣಿನ ಒತ್ತಡ ಏರಿದರೆ ಕುರುಡುತನ ಬರಬಹುದು. ಬೇರೆ ಲಕ್ಷಣವಿಲ್ಲದೆ ಕಣ್ಣಿನ ತೊಂದರೆಯೇ ಮೊದಲು ಕಾಣುವುದೂ ಉಂಟು.

ಪತ್ತೆ, ಚಿಕಿತ್ಸೆ: ರಕ್ತಲೇಪ, ಪ್ಲೇಟ್‌ಲೆಟ್ ಎಣಿಕೆ, ಪ್ರತಿಕಾಯ ಅಥವಾ ಪಿಸಿಆರ್ ಪರೀಕ್ಷೆಯಿಂದ ರೋಗ ತಿಳಿಯುತ್ತದೆ. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಅನ್ನು 28 ದಿನ ಕೊಡುತ್ತಾರೆ. ಉರಿಯೂತಕ್ಕೆ ಸ್ಟೀರಾಯ್ಡ್ ಹನಿ ಬಳಸುತ್ತಾರೆ. ಆದರೆ ಕರಿಗುಡ್ಡೆಯಲ್ಲಿ ಹುಣ್ಣಿದ್ದರೆ ಈ ಹನಿ ಅಪಾಯಕಾರಿ. ರಕ್ತಸ್ರಾವ ಹೆಚ್ಚಿಸುವ ಆಸ್ಪಿರಿನ್ ಕೊಡಬಾರದು.

ತಡೆ: ಬಳಕೆಯಲ್ಲಿರುವ ಲಸಿಕೆಯಿಲ್ಲ. ಉಣ್ಣೆನಾಶಕ ಔಷಧಿ ಮತ್ತು ನಾಯಿ ಮಲಗುವ ಜಾಗದ ಶುಚಿತ್ವವೇ ರಕ್ಷಣೆ. ಕಣ್ಣು ಕೆಂಪಾದ ಕೂಡಲೇ ಪಶು ಆಸ್ಪತ್ರೆಗೆ ಒಯ್ದರೆ ದೃಷ್ಟಿ ಉಳಿಯುವ ಸಾಧ್ಯತೆ ಹೆಚ್ಚು.